ತಲೆ ಸೀಳಿದ ಸೂಜಿ

ಮೂರನೆಯ ಸಲವೂ ದಾರ ಸೂಜಿಯ ಕಣ್ಣು ತಪ್ಪಿಸಿಕೊಂಡಿತು. ತಂಗಿ ದಾರದ ತುದಿಯನ್ನು ನಾಲಗೆಗೆ ತಾಗಿಸಿ ಮತ್ತೆ ಹಿಡಿದಳು. ಎದುರಿಗೆ ಅಕ್ಕನ ದೇಹ ಮಲಗಿತ್ತು. ಮೇಲೆ ಹೊದಿಸಿದ್ದ ಬಿಳಿ ಬಟ್ಟೆಯ ಅಂಚು ಬಿಚ್ಚಿಹೋಗಿತ್ತು. ನಲವತ್ತು ವರ್ಷ ಕೇರಿಯ ಬಟ್ಟೆಯೆಲ್ಲ ಹೊಲಿದವಳು ಅಂಚು ಬಿಚ್ಚಿದ ಬಟ್ಟೆ ಹೊದ್ದು ಹೋಗುವುದೆಂದರೇನು?

"ಕೊಡಿ ಚಿಕ್ಕಮ್ಮ, ನಾನು ಪೋಣಿಸ್ತೀನಿ," ಎಂದಳು ಅಕ್ಕನ ಮಗಳು.

"ಬೇಡ. ಇದೊಂದು ನಾನೇ ಮಾಡ್ತೀನಿ. ಕಣ್ಣು ದೊಡ್ಡದಿರೋ ಸೂಜಿ ಇದ್ರೆ ಕೊಡು."

ಅವಳು ಹೊಲಿಗೆಯಂತ್ರದ ಡ್ರಾಯರಿನಿಂದ ತಗಡಿನ ಡಬ್ಬಿ ತಂದುಕೊಟ್ಟಳು. ಒಳಗೆ ಕೈನಡುಕಕ್ಕೆಂದು ಅಕ್ಕ ಕಟ್ಟಿಕೊಳ್ಳುತ್ತಿದ್ದ ಕೈಪಟ್ಟಿ, ಅದರಡಿ ಕಾಗದದಲ್ಲಿ ಸುತ್ತಿದ ಒಂದೇ ಒಂದು ಸೂಜಿ. ತಂಗಿ ದಾರವನ್ನು ಅದರ ತಲೆಯ ಮೇಲಿಟ್ಟು ಸುಮ್ಮನೆ ಒತ್ತಿದಳು. ಟಕ್ಕನೆ ಒಳಗೆ ಕೂತಿತು. ಸೂಜಿಯ ತಲೆಯಲ್ಲಿ ಕೂದಲೆಳೆಯಷ್ಟು ಸೀಳು. ದೃಷ್ಟಿಯಿಲ್ಲದವರಿಗೆಂದೇ ಮಾಡುವ ಸೂಜಿ ಅದು. ದಾರ ಹಾಕಲು ಕೈ ನೆಟ್ಟಗಿರಬೇಕೆಂದೇನೂ ಇಲ್ಲ.

*

ಅಮ್ಮನಿಂದ ಅಕ್ಕತಂಗಿಯರಿಬ್ಬರಿಗೂ ಬಂದ ಆಸ್ತಿಯೆಂದರೆ ಕೈನಡುಕವೊಂದೇ. ಎರಡು ವರ್ಷದ ಹಿಂದೆ, ನಡುಕ ನಿಲ್ಲಿಸುವ ಕೈಪಟ್ಟಿ ಕಂಡುಹಿಡಿದ ಉದ್ಯಮಿಗೆ ಪ್ರಶಸ್ತಿ ಬಂತು, ಜನರ ಬದುಕು ಹಸನು ಮಾಡಿದ್ದಕ್ಕೆ. ಆ ವೇದಿಕೆಯ ಮೇಲೆ ಕೈಪಟ್ಟಿ ಕಟ್ಟಿಕೊಂಡ ಅಕ್ಕ ಒಂದೇ ಏಟಿಗೆ ಸೂಜಿಗೆ ದಾರ ಹಾಕಿದಳು. ಸಭೆಯೇ ಎದ್ದು ನಿಂತಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ತಂಗಿ.

ಮರುವಾರವೇ ತಾನೂ ಒಂದು ಕೈಪಟ್ಟಿ ತಂದಳು. ಕೈ ಮಾತ್ರ ಜಪ್ಪಯ್ಯ ಅಂದರೂ ನಿಲ್ಲಲಿಲ್ಲ.

"ಮನಸ್ಸು ಗಟ್ಟಿ ಮಾಡ್ಕೊಳ್ಳೇ," ಎಂದಿದ್ದಳು ಅಕ್ಕ, ಮುಖ ನೋಡದೆ. "ನೀನು ಮೊದಲಿಂದಲೂ ಪುಕ್ಕಲಿ."

ಮನಸ್ಸು ಗಟ್ಟಿ ಮಾಡಿಕೊಂಡು ಆರು ತಿಂಗಳು ಕೂತಳು. ಆಮೇಲೆ ತಪ್ಪು ತನ್ನದೇ ಎಂದು ಒಪ್ಪಿಕೊಂಡು, ಹೊಲಿಗೆಯಂತ್ರವನ್ನು ಯಾರಿಗೋ ಕೊಟ್ಟು, ತನ್ನ ಹೊಲಿಗೆ ಅಂಗಡಿಯ ಬಾಗಿಲು ಹಾಕಿದಳು.

*

"ನಿನಗೆ ಗೊತ್ತಿತ್ತಾ?"

ಅಕ್ಕನ ಮಗಳು ತಲೆ ತಗ್ಗಿಸಿದಳು. "ಪ್ರಶಸ್ತಿಯ ಹಿಂದಿನ ದಿನ ಕೈಪಟ್ಟಿ ಕಟ್ಕೊಂಡು ಹತ್ತು ಸಲ ಮಾಡಿದ್ರೂ ಆಗಿರಲಿಲ್ಲ. ಆ ಕೈಪಟ್ಟಿ ಕಂಡುಹಿಡಿದವರೇ ಈ ಸೂಜಿ ತಂದುಕೊಟ್ಟು ಬೇಡ್ಕೊಂಡ್ರು. ಅಮ್ಮ ನಿಮಗೆ ಹೇಳ್ಬೇಕು ಅಂತಲೇ ಇದ್ರು, ಚಿಕ್ಕಮ್ಮ."

"ಎರಡು ವರ್ಷ ಬಾಯಿಗೆ ಹೊಲಿಗೆ ಹಾಕ್ಕೊಂಡಿದ್ಲಾ?"

ಊರವರು ಮೋಸ ಮಾಡಿದರೆ ಹಾಳಾಗಿ ಹೋಗಲಿ ಅನ್ನಬಹುದು. ಇವಳು ಒಡಹುಟ್ಟಿದವಳು, ಒಂದೇ ತಟ್ಟೆಯಲ್ಲಿ ಉಂಡವಳು. ಸತ್ತವಳ ಜೊತೆ ಜಗಳವಾಡುವುದಾದರೂ ಹೇಗೆ?

ಅಷ್ಟರಲ್ಲಿ ಉದ್ಯಮಿ ಬಂದ. ಆ ವೇದಿಕೆಯ ಫೋಟೊಗೆ ಕಟ್ಟು ಹಾಕಿಸಿ ತಂದಿದ್ದ. ಅದನ್ನು ಅಕ್ಕನ ತಲೆಯ ಬಳಿ ಇಟ್ಟು, ಕಣ್ಣೊರೆಸಿಕೊಂಡ.

"ಈ ತಾಯಿ ಇಲ್ಲದಿದ್ರೆ ನನಗೆ ಆ ಪ್ರಶಸ್ತಿನೇ ಇಲ್ಲ."

"ಸತ್ಯವಾದ ಮಾತು," ಎಂದಳು ತಂಗಿ.

ಸೂಜಿಯಿಂದ ದಾರ ಎಳೆದು ತೆಗೆದಳು. ಕೈಪಟ್ಟಿಯಿಲ್ಲದ ಕೈಯನ್ನು ನೆರೆದವರೆಲ್ಲರಿಗೂ ಕಾಣುವಂತೆ ಎತ್ತಿದಳು. ಕೈ ಗಡಗಡ ನಡುಗುತ್ತಿತ್ತು. ದಾರ ಒತ್ತಿದಳು. ಟಕ್.

ಅವಳು ನೆಲಕ್ಕೆ ಕೂತು ಅಕ್ಕನ ಹೊದಿಕೆಯ ಅಂಚು ಹೊಲಿದಳು. ಹೊಲಿಗೆ ಅಂಕುಡೊಂಕಾಗಿ ತುದಿ ಮುಟ್ಟಿತು. ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದು, ಉದ್ಯಮಿಯ ಎದುರು ಬಂದು ನಿಂತಳು. ಅವನು ಮಿಸುಕಲಿಲ್ಲ. ನಡುಗುವ ಕೈಯಿಂದಲೇ ಅವನ ಕೋಟಿನ ಎದೆಗೆ, ಪದಕ ತೂಗುವ ಜಾಗದಲ್ಲಿ, ಆ ಸೂಜಿಯನ್ನು ಸಿಕ್ಕಿಸಿದಳು.