ಚಳಿ ಬೀಳದ ಊರಿನ ಮರ

ಕಪ್ಪು ಬಣ್ಣ ಇನ್ನೂ ಪೂರ್ತಿ ಆರಿರಲಿಲ್ಲ. ಧರಣಿ ಶವಪೆಟ್ಟಿಗೆಯ ಅಂಚನ್ನು ಉಗುರಿನಿಂದ ಕೆರೆದು ನೋಡಿದಳು. ಒಳಗಿನ ಹಲಗೆಯಲ್ಲಿ ಶಾಯಿ ಹರಿದಂಥ ನೀಲಿ ಗೆರೆಗಳಿದ್ದವು.

“ಏನ್ ಪುಣ್ಯಾತ್ಮರವ್ವ ಸಾವ್ಕಾರ್ರು!” ಎಂದು ಪಕ್ಕದ ಮನೆಯ ಸರೋಜಮ್ಮ ಕಣ್ಣೊರೆಸಿಕೊಂಡಳು. “ನಮ್ಮ ಬೀದೀಲಿ ಯಾರ್ಗೆ ಬಂದದೆ ಇಂಥ ಪೆಟ್ಗೆ? ನಮ್ಗೆಲ್ಲ ಬಿದಿರಿನ ಚಟ್ಟವೇ ಗತಿ.”

ಪೆಟ್ಟಿಗೆ ಕಳಿಸಿದ ಆ ಪುಣ್ಯಾತ್ಮರು, ಟಿಂಬರ್ ಅಂಗಡಿಯ ಏಕಾಂತಯ್ಯ, ಮೈಸೂರಿನ ಅಶೋಕಪುರಂನ ಆ ಬೀದಿಯ ಶಾಮಿಯಾನದ ಕೆಳಗೆ, ಪ್ಲಾಸ್ಟಿಕ್ ಕುರ್ಚಿಗೆ ಕರವಸ್ತ್ರ ಹಾಸಿಕೊಂಡು ಕೂತಿದ್ದರು. ತೀರಿಕೊಂಡ ಜವರಪ್ಪ, ಧರಣಿಯ ಅಪ್ಪ, ಮೂವತ್ತೊಂದು ವರ್ಷ ಬಡಗಿಯಾಗಿ ದುಡಿದದ್ದು ಅವರಲ್ಲೇ. ಮನೆಯವರು ಕೊಟ್ಟ ನೀರನ್ನು ಏಕಾಂತಯ್ಯ ತುಟಿಗೆ ಮುಟ್ಟಿಸದೆ ಕುರ್ಚಿಯ ಕೆಳಗಿಟ್ಟಿದ್ದರು.

“ಜವರ ನನ್ನ ಬಲಗೈ ಇದ್ದಂಗಿದ್ದ ಕಣ್ರೀ,” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. “ಕೊನೇಲಿ ಸ್ವಲ್ಪ ತಲೆ ಕೆಟ್ತು, ಅಷ್ಟೆ.”

ಆ ಬಲಗೈಯನ್ನು ತಾವೇ ಕಿತ್ತೆಸೆದು ಎರಡು ವರ್ಷವಾಯಿತೆಂದು ಮಾತ್ರ ಯಾರಿಗೂ ಹೇಳಲಿಲ್ಲ.

*

೨೦೦೬ರಲ್ಲಿ ಅಂಗಡಿಗೆ ಕೆನಡಾದಿಂದ ಪೈನ್ ಹಲಗೆಗಳು ಬಂದಾಗ ಜವರಪ್ಪ ಒಂದು ತುಂಡನ್ನು ಮನೆಗೆ ತಂದಿದ್ದ. ಧರಣಿ ಆಗ ಮಾನಸಗಂಗೋತ್ರಿಯಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದಳು.

“ಈ ನೀಲಿ ಏನು, ನೋಡವ್ವ. ಎಷ್ಟು ಹೆರೆದ್ರೂ ಹೋಗದಿಲ್ಲ.”

ಧರಣಿ ನಾಲ್ಕು ದಿನ ಲೈಬ್ರರಿಯಲ್ಲಿ ಹುಡುಕಿದಳು. ಆ ಉತ್ತರದ ಕಾಡುಗಳಲ್ಲಿ ಕಡುಚಳಿಗೆ ತೊಗಟೆಯೊಳಗಿನ ಹುಳ ಸಾಯುತ್ತಿತ್ತು. ಈಗ ಭೂಮಿ ಕಾದು ಅಂಥ ಚಳಿಯೇ ಬೀಳುತ್ತಿಲ್ಲ. ಹುಳ ಹೆಚ್ಚಿ ಬೆಟ್ಟಕ್ಕೆ ಬೆಟ್ಟವೇ ಒಣಗಿದೆ. ಹುಳದ ಜೊತೆ ಬರುವ ಬೂಷ್ಟಿನ ಬಣ್ಣ ಈ ನೀಲಿ ಎಂದು ಅಪ್ಪನಿಗೆ ವಿವರಿಸಿದಳು.

“ಚಳಿ ಬೀಳ್ನಿಲ್ಲ ಅಂತ ಕಾಡು ಸತ್ತೋಯ್ತದ?” ಎಂದ ಜವರಪ್ಪ. ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತ ಕೂತವನು ಊಟಕ್ಕೆ ಕರೆದರೂ ಏಳಲಿಲ್ಲ.

ಏಕಾಂತಯ್ಯ ಅದಕ್ಕೆ ‘ಹಿಮನೀಲಿ’ ಎಂದು ಹೆಸರಿಟ್ಟು, ಅಪರೂಪದ ಫಾರಿನ್ ಮರವೆಂದು ಮಾರತೊಡಗಿದರು. ಯಾದವಗಿರಿಯ ಪ್ರೇಮಲೀಲಾ ಮಗಳ ಮದುವೆಯ ಮಂಚ ಮಾಡಿಸಲು ಬಂದವರು, ಈ ಬಣ್ಣ ಹೇಗೆ ಬರುತ್ತದೆಂದು ಜವರಪ್ಪನನ್ನೇ ಕೇಳಿದರು.

“ಗಟ್ಟಿಯಾಗೇ ಅದೆ ತಾಯಿ. ಆದ್ರೆ ಇದು ನಿಂತಲ್ಲೇ ಸತ್ತ ಮರ.”

ಪ್ರೇಮಲೀಲಾ ಕೈ ಹಿಂದಕ್ಕೆಳೆದುಕೊಂಡು ಹೊರಟುಹೋದರು. ಸುದ್ದಿ ಹಬ್ಬಿ ಮರ ಅಂಗಡಿಯಲ್ಲೇ ಉಳಿಯಿತು. “ಮರಕ್ಕೂ ಸೂತಕ ಹಚ್ತೀಯೇನೋ?” ಎಂದು ಏಕಾಂತಯ್ಯ ಅವನ ಉಳಿ ಸುತ್ತಿಗೆಗಳನ್ನು ಬೀದಿಗೆಸೆಸಿದರು.

“ಕೇಳುದ್ರು, ಹೇಳ್ದೆ,” ಎಂದಷ್ಟೇ ಅಪ್ಪ ಮನೆಯಲ್ಲಿ ಹೇಳಿದ್ದ.

*

ಧರಣಿ ಕುರ್ಚಿಯ ಮುಂದೆ ಹೋಗಿ ನಿಂತಳು.

“ಬಣ್ಣ ಯಾಕೆ ಬಳಿಸಿದ್ರಿ ಸಾವ್ಕಾರ್ರೇ? ಅಪರೂಪದ ಮರ ಅಲ್ವ?”

“ಸಾವಿನ ಮನೇಲಿ ಇದೆಂಥ ಮಾತಮ್ಮ? ಓದಿದೋಳು ನೀನು.”

“ಸತ್ತ ಮರ ಅಂದಿದ್ಕೆ ಅಪ್ಪನ್ನ ಆಚೆ ಹಾಕುದ್ರಿ. ಯಾರೂ ಕೊಳ್ಳದೆ ಉಳಿದಿದ್ರಲ್ಲಿ ಈಗ ಅವರನ್ನೇ ಮಲಗಿಸ್ತೀರ?”

ಸರೋಜಮ್ಮ ಅವಳ ತೋಳು ಹಿಡಿದೆಳೆದಳು. ಧರಣಿಯ ಅವ್ವ ಪುಟ್ಟಮಾದಮ್ಮ ಗಂಡನ ತಲೆಯ ಬಳಿಯಿಂದ ಕತ್ತೆತ್ತಿದಳು.

“ಅದೇ ಮರವ?”

“ಅದೇ ಕಣವ್ವ.”

ಪುಟ್ಟಮಾದಮ್ಮ ಪೆಟ್ಟಿಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. “ಮೊಳೆ ನೋಡು, ಎಂಗೆ ವಾರೆ ಹೊಡ್ದವ್ರೆ. ನಿಮ್ಮಪ್ಪ ಕಂಡಿದ್ರೆ ಉಗೀತಿದ್ದ. ತಕ್ಕೊಂಡೋಗಕ್ಕೇಳು.”

ಬಿದಿರಿನ ಚಟ್ಟ ಕಟ್ಟಿದರು. ಏಕಾಂತಯ್ಯ ಪೆಟ್ಟಿಗೆಯನ್ನು ಟೆಂಪೋಗೆ ಹೇರಿಸಿ, ಡ್ರೈವರ್ ಪಕ್ಕ ಹತ್ತಿ, ಬೇಗ ಹೊರಡು ಎಂದರು. ಅಷ್ಟರಲ್ಲಿ ತಮಟೆಯವರು ಮುಂದೆ ಹೊರಟಾಗಿತ್ತು, ಚಟ್ಟ ಹಿಂದಿನಿಂದ ಎದ್ದಾಗಿತ್ತು. ಇಕ್ಕಟ್ಟಿನ ಬೀದಿಯಲ್ಲಿ ಪಕ್ಕಕ್ಕೆ ಸರಿಯಲು ಜಾಗವಿರಲಿಲ್ಲ. ಟೆಂಪೋ ನಡುವೆ ಸಿಕ್ಕಿಕೊಂಡು ಹೆಣದ ನಡಿಗೆಯಲ್ಲೇ ತೆವಳಿತು.

ಚಟ್ಟದ ಜೊತೆ ನಡೆಯುತ್ತಿದ್ದ ಧರಣಿಗೆ ಮುಂದಿನದೆಲ್ಲ ಕಾಣುತ್ತಿತ್ತು. ಮುಖ್ಯರಸ್ತೆಯಲ್ಲಿ ಅಂಗಡಿಯವರು ಬಾಗಿಲು ಅರ್ಧ ಎಳೆದು ಹೊರಗೆ ಬಂದರು. ಸೈಕಲ್ಲಿನವನೊಬ್ಬ ಇಳಿದು ಚಪ್ಪಲಿ ಬಿಟ್ಟ. ಮುದುಕಿಯೊಬ್ಬಳು ಟೆಂಪೋ ಮೇಲೆ ಹೂ ಎರಚಿದಳು. ಹೆಣ ಅದರಲ್ಲೇ ಇದೆಯೆಂದುಕೊಂಡು ಎಲ್ಲರೂ ಆ ಖಾಲಿ ಪೆಟ್ಟಿಗೆಗೆ ತಲೆಬಾಗಿ ಕೈಮುಗಿಯುತ್ತಿದ್ದರು.