ಮೂರು ಸಲ ಹದಿನೇಳು

ನಮ್ಮ ಪ್ರಯೋಗಾಲಯದಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಒಬ್ಬ ರೋಗಿಯ ಜೀವಕೋಶಗಳನ್ನು ಒಂದೇ ಕೈ ನೋಡಿಕೊಳ್ಳಬೇಕು, ಮೊದಲ ದಿನದಿಂದ ಕೊನೆಯ ದಿನದವರೆಗೆ. ಎರಡು ಕೈ ಸೇರಿದರೆ ಸೋಂಕಿಗೂ ದಾರಿ, ಜಗಳಕ್ಕೂ ದಾರಿ. ಇಪ್ಪತ್ತೆರಡು ವರ್ಷದಿಂದ ನಾನಿಲ್ಲಿ ಸುಟ್ಟವರಿಗೆ ಅವರದೇ ಚರ್ಮ ಬೆಳೆಸಿಕೊಡುತ್ತಿದ್ದೇನೆ. ನನ್ನ ಬಾಯಿ ಸ್ವಲ್ಪ ಒರಟು ಅಂತ ಎಲ್ಲರೂ ಹೇಳುತ್ತಾರೆ. ಕೋಶಗಳಿಗೆ ಕಿವಿಯಿಲ್ಲ, ಹಾಗಾಗಿ ನಮ್ಮ ನಡುವೆ ತಕರಾರಿಲ್ಲ.

ಆ ಹುಡುಗಿಗೆ ಹನ್ನೊಂದು ವರ್ಷ. ಅಪ್ಪನ ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಸ್ಟೌ ಸಿಡಿದು ಬೆನ್ನು, ಎರಡೂ ಕಾಲು ಬೆಂದಿದ್ದವು. ಬಾಯಿ ತೆರೆದರೆ ದಾರದ ಹಾಗೆ ಬಿಚ್ಚಿಕೊಳ್ಳುತ್ತಲೇ ಹೋಗುತ್ತಾಳೆ ಅಂತ ಅಪ್ಪ ಅವಳನ್ನು ರೀಲು ಎಂದು ಕರೆಯುತ್ತಿದ್ದ. ಡಾಕ್ಟರು ಅವಳ ಕಂಕುಳ ಬಳಿ ಉಳಿದಿದ್ದ ಒಳ್ಳೆಯ ಚರ್ಮದಿಂದ ಅಂಚೆಚೀಟಿಯಷ್ಟು ತುಂಡು ತೆಗೆದು ನನಗೆ ಕಳಿಸಿದರು. ಅದರ ಕೋಶಗಳನ್ನು ಬಿಡಿಸಿ, ತಟ್ಟೆಗಳಿಗೆ ಹಾಕಿ, ಗುಲಾಬಿ ಬಣ್ಣದ ಪೋಷಕ ದ್ರವ ಹೊಯ್ದು, ಮೈಯಷ್ಟೇ ಬಿಸಿಯಿರುವ ಪೆಟ್ಟಿಗೆಯಲ್ಲಿ ಇಟ್ಟೆ. ಅಷ್ಟು ಚೂರು ಬೆಳೆದು ಅವಳ ಬೆನ್ನು, ಕಾಲು ಮುಚ್ಚಬೇಕು. ಅಲ್ಲಿಯವರೆಗೆ ನಂಜು ಅವಳ ರಕ್ತಕ್ಕೆ ಇಳಿಯಬಾರದು. ಇಷ್ಟೇ ಪಂದ್ಯ.

ದಿನಾ ಬೆಳಿಗ್ಗೆ ಹತ್ತಕ್ಕೆ ಗಾಯದ ಪಟ್ಟಿ ಬದಲಿಸುವ ಹೊತ್ತಿಗೆ ಅಪ್ಪನನ್ನು ವಾರ್ಡಿನಿಂದ ಆಚೆ ಕಳಿಸುತ್ತಿದ್ದರು. ಅವನು ನೇರ ಬಂದು ನಮ್ಮ ಗಾಜಿನ ಬಾಗಿಲಿನ ಹೊರಗೆ ನಿಲ್ಲುತ್ತಿದ್ದ. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಮೂರು ದಿನ ನೋಡಿದೆ. ನಾಲ್ಕನೇ ದಿನ ತಡೆಯಲಾಗದೆ ಮುಂದಿನ ಕೋಣೆಗೆ ಕರೆದು, ಒಂದು ತಟ್ಟೆಯನ್ನು ಮುಚ್ಚಳ ಸಮೇತ ಸೂಕ್ಷ್ಮದರ್ಶಕದ ಕೆಳಗಿಟ್ಟೆ.

"ಇದೇನಕ್ಕಾ, ಕಲ್ಲು ಹಾಸಿದ ಹಾಗಿದೆ?"

"ಒಂದೊಂದು ಕಲ್ಲೂ ಒಂದೊಂದು ಜೀವಕೋಶ. ಸುತ್ತ ಗೆರೆ ಕಾಣುತ್ತಲ್ಲ, ಅದು ಪೊರೆ. ಏನು ಒಳಗೆ ಬರಬೇಕು, ಏನು ಹೊರಗೆ ಹೋಗಬೇಕು, ಎಲ್ಲ ಅದೇ ನೋಡ್ಕೊಳ್ಳೋದು."

"ನಡುವೆ ಚುಕ್ಕೆ?"

"ಕೋಶಕೇಂದ್ರ. ನಿಮ್ಮ ಮಗಳ ಅಳತೆಯೆಲ್ಲ ಅದರಲ್ಲಿ ಬರೆದಿದೆ. ಒಂದು ಕೋಶ ಎರಡಾಗೋಕೆ ಮುಂಚೆ ಆ ಪುಸ್ತಕಾನ ಪೂರ್ತಿ ನಕಲು ಮಾಡ್ಕೊಳ್ಳುತ್ತೆ. ಆಮೇಲೆ ಎರಡಕ್ಕೂ ಒಂದೊಂದು ಪ್ರತಿ. ಅದಕ್ಕೆಲ್ಲ ಶಕ್ತಿ ಬೇಕಲ್ಲ, ಒಳಗೆ ಸಣ್ಣ ಸಣ್ಣ ಒಲೆ ಉರೀತಾ..." ನಾಲಿಗೆ ಕಚ್ಚಿಕೊಂಡೆ. ಒಲೆಯ ಮಾತು ಅವನೆದುರು ಆಡಬಾರದಿತ್ತು.

ಅವನು ಕಣ್ಣು ತೆಗೆಯಲಿಲ್ಲ. "ಒಂದಕ್ಕೊಂದು ಹೇಗೆ ಹಿಡ್ಕೊಂಡಿವೆ? ಹೊಲಿಗೆ ಇದೆಯಾ?"

"ಹೊಲಿಗೆ ಅಲ್ಲ, ಗುಂಡಿ ಅಂದ್ಕೊಳ್ಳಿ. ಅಕ್ಕಪಕ್ಕದವು ಗುಂಡಿ ಹಾಕ್ಕೊಂಡು ಕೂರುತ್ತವೆ. ಈ ಯಂತ್ರಕ್ಕೂ ಕಾಣಲ್ಲ."

"ಕಾಣದ ಹಾಗೆ ಗುಂಡಿ ಹಾಕೋದು ನಮಗೂ ಬರುತ್ತೆ," ಎಂದು ಮೊದಲ ಸಲ ನಕ್ಕ. ನಗುತ್ತಲೇ ಕೇಳಿದ, "ಯಾವತ್ತಿಗೆ ರೆಡಿ ಆಗುತ್ತೆ ಅಕ್ಕಾ?"

ಗಿರಾಕಿಗಳು ಅವನನ್ನು ಕೇಳುವ ಪ್ರಶ್ನೆಯನ್ನೇ ಅವನು ನನ್ನನ್ನು ಕೇಳಿದ್ದ. ಆ ನಗು ನೋಡಿ ನಾನೂ ಉಬ್ಬಿದೆ. ತಟ್ಟೆ ಎಷ್ಟು, ಒಂದೊಂದರ ಅಗಲ ಎಷ್ಟು ಅಂತ ಮನಸ್ಸಿನಲ್ಲೇ ಗುಣಿಸಿ, "ಹದಿನೆಂಟನೇ ದಿನ" ಎಂದುಬಿಟ್ಟೆ.

ಅವನು ಹೋದ ಮೇಲೆ ಕೈ ತೊಳೆಯುವಾಗ ತಪ್ಪು ಹೊಳೆಯಿತು. ತಟ್ಟೆಯ ತಳದಿಂದ ಎಬ್ಬಿಸಿದ ಕೂಡಲೇ ಪದರ ಕುಗ್ಗುತ್ತದೆ. ಒಂದನ್ನೊಂದು ಹಿಡಿದುಕೊಂಡ ಕೋಶಗಳು ಒಳಕ್ಕೆ ಜಗ್ಗಿ, ಅಂಗೈಯಗಲ ಇದ್ದದ್ದು ಅರ್ಧ ಅಂಗೈ ಆಗುತ್ತದೆ. ಇದು ನನಗೆ ಹೊಸದೇನಲ್ಲ, ನಾನೇ ಬರೆದ ಕೆಲಸದ ಪಟ್ಟಿಯಲ್ಲಿ ಇಪ್ಪತ್ತಾರನೇ ದಿನ ಎಂದಿತ್ತು. ಕೈ ಸರಿಯಾಗಿ ಬರೆದಿತ್ತು, ಬಾಯಿ ತಪ್ಪಿತ್ತು.

ಮರುದಿನ ಹೇಳಬೇಕೆಂದೇ ಕಾದೆ. ಅವನು ಬಂದವನೇ, "ರೀಲುಗೆ ಹೇಳಿದೆ ಅಕ್ಕಾ. ಬೆರಳು ಮಡಿಸ್ಕೊಂಡು ಎಣಿಸ್ತಿದಾಳೆ. ಪಟ್ಟಿ ಬಿಚ್ಚುವಾಗ ಮೊದಲಿನ ಹಾಗೆ ಕಿರುಚಲ್ಲ ಈಗ" ಎಂದ. ನನ್ನ ಒರಟು ಬಾಯಿ ಅವತ್ತು ಎಲ್ಲಿ ಹೋಗಿತ್ತೋ. ಕೋಶಗಳು ಈ ಸಲ ಬೇಗ ಬೆಳೆಯಬಹುದು ಅಂತ ನನಗೆ ನಾನೇ ಹೇಳಿಕೊಂಡೆ. ಇಪ್ಪತ್ತೆರಡು ವರ್ಷದಲ್ಲಿ ಅವು ಯಾರಿಗೋಸ್ಕರವೂ ಅವಸರ ಮಾಡಿದ್ದಿಲ್ಲ.

ಹದಿನಾಲ್ಕನೇ ದಿನ ಅವನು ಕಂದು ಕಾಗದದ ಸುರುಳಿ ತಂದು ಮೇಜಿನ ಮೇಲೆ ಬಿಚ್ಚಿದ. ಮಗಳ ಬೆನ್ನಿನ ಆಕಾರ, ಎರಡು ಕಾಲಿನ ಆಕಾರ, ಒಳಗೆಲ್ಲ ತಟ್ಟೆಯ ಗಾತ್ರದ ವೃತ್ತಗಳು. "ಅಂಚಿಗೆ ಅರ್ಧ ಇಂಚು ಜಾಸ್ತಿ ಬಿಟ್ಟಿದೀನಿ. ನಲವತ್ತೆರಡು ತಟ್ಟೆ ಸಾಕಲ್ವಾ?"

ಆಗ ಹೇಳಿದೆ. ಕುಗ್ಗುವುದನ್ನು ಹೇಳಿದೆ, ಇನ್ನಷ್ಟು ತಟ್ಟೆಗಳಿಗೆ ಹರಡಿ ಬೆಳೆಸಬೇಕು, ಇಪ್ಪತ್ತಾರನೇ ದಿನಕ್ಕೆ ಮೊದಲು ಆಗುವುದಿಲ್ಲ ಎಂದು ಹೇಳಿದೆ.

ಅವನು ಕಾಗದದ ಮೇಲಿನ ಒಂದು ವೃತ್ತವನ್ನು ಬೆರಳಿನಿಂದ ಸವರಿದ. "ಬಟ್ಟೆನ ನೀರಲ್ಲಿ ನೆನೆಸಿ ಒಣಗಿಸದೆ ನಾನು ಕತ್ತರಿ ಮುಟ್ಟಲ್ಲ ಅಕ್ಕಾ. ಕುಗ್ಗುತ್ತೆ ಅಂತ ನಾನಾದ್ರೂ ಕೇಳಬೇಕಿತ್ತು. ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಕಾಗದವನ್ನು ಅಂಚಿಗೆ ಅಂಚು ಕೂಡಿಸಿ, ಮಡಿಸಿ ಮಡಿಸಿ ಚಿಕ್ಕದು ಮಾಡಿ ಜೇಬಿಗಿಟ್ಟುಕೊಂಡು ಹೋದ.

ಆಮೇಲೂ ದಿನಾ ಬಂದ, ಆದರೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಡಲಿಲ್ಲ. ಬೆಂಚಿನ ಮೇಲೆ ಕೂತು ಹೋಗುತ್ತಿದ್ದ. ಹತ್ತೊಂಬತ್ತನೇ ದಿನ ನಾನೇ ಮಗಳ ಬಗ್ಗೆ ಕೇಳಿದೆ.

"ಜ್ವರ ಇಳೀತಿಲ್ಲ. ಕಣ್ಣು ಬಿಟ್ಟಾಗೆಲ್ಲ ಇವತ್ತು ಎಷ್ಟನೇದಪ್ಪಾ ಅಂತಾಳೆ. ಮೊನ್ನೆ ಹದಿನೇಳು ಅಂದೆ. ನಿನ್ನೆನೂ ಹದಿನೇಳು ಅಂದೆ. ಇವತ್ತೂ ಅದನ್ನೇ ಹೇಳಿ ಬಂದಿದೀನಿ." ಟೇಪಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದ. "ಯಾವಾಗಲೂ ಲೆಕ್ಕದಲ್ಲಿ ಚುರುಕು ಅಕ್ಕಾ ಅವಳು. ಔಷಧಿ ಮಂಪರಿಗೆ ಗೊತ್ತಾಗ್ತಿಲ್ಲ."

ಅವತ್ತು ಮಧ್ಯಾಹ್ನ ಡಾಕ್ಟರು ಫೋನು ಮಾಡಿ, "ನಿಲ್ಲಿಸಿಬಿಡಿ" ಎಂದರು. ನಮ್ಮಲ್ಲಿ ಆ ಒಂದು ಮಾತು ಸಾಕು. ನಂಜು ಗೆದ್ದಿತ್ತು. ಅದೇ ದಿನ ಕೋಶಗಳನ್ನೆಲ್ಲ ಕೊಲ್ಲಬೇಕು, ಪೆಟ್ಟಿಗೆ ಮುಂದಿನ ರೋಗಿಗೆ ಖಾಲಿಯಾಗಬೇಕು. ನನ್ನಿಂದ ಆಗಲಿಲ್ಲ. ತಟ್ಟೆಗಳನ್ನು ಪೆಟ್ಟಿಗೆಯಲ್ಲಿ ಹಾಗೇ ಬಿಟ್ಟು ಮನೆಗೆ ಹೋಗಿ ಅತ್ತೆ.

ಮರುದಿನ ಹತ್ತಕ್ಕೆ ಅವನು ಬಾಗಿಲಲ್ಲಿದ್ದ. ಕುತ್ತಿಗೆಯಲ್ಲಿ ಟೇಪಿರಲಿಲ್ಲ. ತಾನಾಗಿಯೇ ಬಂದು ಸೂಕ್ಷ್ಮದರ್ಶಕದ ಮುಂದೆ ಕೂತ. ನಾನು ತಟ್ಟೆ ತಂದಿಟ್ಟೆ.

"ಜಾಸ್ತಿ ಆಗಿವೆ."

"ಹೂಂ."

"ಇವಕ್ಕೆ ಗೊತ್ತಾಗಿಲ್ವಾ?"

"ಇಲ್ಲ. ಊಟ ಇದ್ದು, ಬಿಸಿ ಇದ್ರೆ ಅವಕ್ಕೆ ಬೇರೇನೂ ಬೇಕಾಗಿಲ್ಲ."

"ಅವಳ ಲೆಕ್ಕದಲ್ಲಿ ಹದಿನೇಳನೇ ದಿನಾನೇ ಹೋದಳು ಅಕ್ಕಾ. ನಾಳೆ ಅಲ್ವಾ ಅಪ್ಪಾ ಅಂದಳು. ಹೂಂ ಅಂದೆ." ಕಣ್ಣು ಅಲ್ಲೇ ಇಟ್ಟುಕೊಂಡು ಕೇಳಿದ, "ಇವನ್ನ ಯಾರು ತೆಗೀತಾರೆ?"

"ನಾನೇ. ಬೇರೆ ಕೈ ಮುಟ್ಟೋ ಹಾಗಿಲ್ಲ."

ಅವನು ತಲೆಯಾಡಿಸಿ ಎದ್ದ. ನಾನು ತಪ್ಪಾಯಿತು ಅನ್ನಬೇಕಿತ್ತು. ಬಾಗಿಲು ಮುಚ್ಚುವವರೆಗೂ ಆ ಮಾತು ಬಾಯಿಗೆ ಬರಲಿಲ್ಲ, ಈಗ ಯಾರಿಗೆ ಹೇಳಲಿ?

ಒಂದೊಂದೇ ತಟ್ಟೆ ತೆಗೆದು ಬ್ಲೀಚಿಂಗ್ ನೀರು ಸುರಿದೆ. ಗುಲಾಬಿ ಬಣ್ಣ ಹೋಗಿ ಬಿಳಿಚಿಕೊಂಡಿತು. ಕೊನೆಯದಾಗಿ ಅವನು ನೋಡಿದ ತಟ್ಟೆ ಉಳಿಯಿತು. ಸುರಿಯುವ ಮುಂಚೆ ಒಮ್ಮೆ ಇಣುಕಿದೆ. ಅಂಚಿನಲ್ಲಿ ಒಂದು ಕೋಶ ಉಬ್ಬಿ ದುಂಡಗಾಗಿತ್ತು. ಪುಸ್ತಕದ ನಕಲು ಮುಗಿಸಿ, ಎರಡು ಪ್ರತಿಗಳನ್ನೂ ಎರಡು ಕಡೆಗೆ ಎಳೆಯುತ್ತಿತ್ತು. ಕುರ್ಚಿ ಎಳೆದುಕೊಂಡು ಕೂತೆ. ಮುಕ್ಕಾಲು ಗಂಟೆ ಹಿಡಿಯಿತು. ನಡು ಸಣ್ಣಗಾಗುತ್ತಾ ಬಂದು ಬೇರೆಯಾಗಿ, ಎರಡಾಯಿತು. ಎರಡೂ ಚೆನ್ನಾಗಿದ್ದವು.

ಆಮೇಲೆ ಸುರಿದೆ.