ಕೆಂಪು ಬಟ್ಟೆ ಕಟ್ಟಿದ ಮೇಲೆ

ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿದೆ ಎಂದು ಗ್ಲೆನಿಸ್‌ಗೆ ಗೊತ್ತಾದದ್ದು ನೀರು ಕುಡಿಯಲು ಎದ್ದಾಗ. ಬೆಳಕು ಒಳಬರದಂತೆ ಕಪ್ಪು ಪರದೆಯ ಹಿಂದೆ ನುಸುಳಿ ತಗಡಿನ ಬಾಗಿಲನ್ನು ತಳ್ಳಿದಳು, ಅಲುಗಲಿಲ್ಲ. ಭುಜ ಕೊಟ್ಟು ತಳ್ಳಿದಾಗ ಆಚೆ ಕಬ್ಬಿಣ ಕಟಕಟ ಎಂದಿತು, ಅಷ್ಟೆ. ನೀರಿನ ಜಗ್ಗು ಬಾಗಿಲಾಚೆ ಕಲ್ಲಿನ ಮೇಲಿತ್ತು.

ಅವಳು ಇದ್ದದ್ದು ಒಂದು ಕ್ಯಾಮೆರಾದ ಹೊಟ್ಟೆಯಲ್ಲಿ. ಪೀಟರ್‌ಬರೋ ಊರಿನಿಂದ ಉತ್ತರಕ್ಕಿರುವ ಕುರಿಗಾವಲಿನಲ್ಲಿ, ತುಕ್ಕು ಹಿಡಿದು ಕೆಲಸಕ್ಕೆ ಬಾರದಾಗಿದ್ದ ಮಳೆನೀರಿನ ಟ್ಯಾಂಕನ್ನು ಅವಳೇ ಕ್ಯಾಮೆರಾ ಮಾಡಿಕೊಂಡಿದ್ದಳು. ಬಿರುಕುಗಳಿಗೆಲ್ಲ ಟಾರು ಬಳಿದು, ಸೂಜಿಮೊನೆಯಷ್ಟು ಒಂದೇ ಒಂದು ತೂತು ಉಳಿಸಿದ್ದಳು. ಅದರಿಂದ ನುಗ್ಗುವ ಬೆಳಕು ಎದುರಿನ ಗೋಡೆಯ ಮೇಲೆ ತೂಗುಬಿಟ್ಟ ಫೋಟೊ ಕಾಗದದಲ್ಲಿ ಹೊರಗಿನ ಲೋಕವನ್ನು ತಲೆಕೆಳಗಾಗಿ ಬರೆಯುತ್ತಿತ್ತು. ಒಂದು ಚಿತ್ರಕ್ಕೆ ಬೆಳಗಿನಿಂದ ಸಂಜೆಯವರೆಗೆ ಬೇಕು. ಆಕಾಶದ ಭಾಗ ಹೆಚ್ಚು ಬೆಳಕಿಗೆ ಬೇಗ ಸುಟ್ಟುಹೋಗುವುದರಿಂದ ಆಗಾಗ ಅದಕ್ಕೆ ರಟ್ಟು ಅಡ್ಡ ಹಿಡಿಯಬೇಕು. ಆ ಕೆಲಸಕ್ಕೆಂದೇ ಅವಳು ಒಳಗೆ ಕೂರುತ್ತಿದ್ದಳು.

ಇವತ್ತಿನ ಚಿತ್ರ ಉಣ್ಣೆ ಕೊಟ್ಟಿಗೆಯದು. ಗಂಡ ಕ್ಲೆಮ್‌ನ ಮನೆಯವರು ನಾಲ್ಕು ತಲೆಮಾರು ಕುರಿಗಳ ಉಣ್ಣೆ ಕತ್ತರಿಸಿದ ಕೊಟ್ಟಿಗೆ. ಮರ, ತಗಡು ಎಲ್ಲವನ್ನೂ ಅವನು ಅಡಿಲೇಡ್‌ನ ವ್ಯಾಪಾರಿಯೊಬ್ಬನಿಗೆ ಮಾರಿಯಾಗಿತ್ತು. ಬೆಳಗಾದರೆ ಬಿಚ್ಚುವವರು ಬರುತ್ತಾರೆ. ಅಷ್ಟು ದೊಡ್ಡ ಕಾಗದವೂ ಅವಳಲ್ಲಿ ಉಳಿದಿದ್ದದ್ದು ಇದೊಂದೇ.

ಚಿಲಕ ಹಾಕಿದ್ದು ಯಾರೆಂದು ಯೋಚಿಸಬೇಕಾಗಿರಲಿಲ್ಲ. ಮಧ್ಯಾಹ್ನ ಪಕ್ಕದ ಗಾವಲಿನ ಮರ್ವ್ ಒಯ್ದಿದ್ದ ಏಣಿಯನ್ನು ತಂದಿಟ್ಟು ಹೋಗಿದ್ದ. ಬಾಗಿಲ ಬಳಿ ಏನೋ ಉಜ್ಜಿದ ಸದ್ದಾಗಿತ್ತು. ಆಮೇಲೆ ಕಾಗದದ ಮೇಲೆ ಅವನ ಬೂಟುಗಳು ಮೇಲಾಗಿ, ಟೋಪಿ ಕೆಳಗಾಗಿ ನಡೆದುಹೋದದ್ದನ್ನು ಅವಳು ನಗುತ್ತಲೇ ನೋಡಿದ್ದಳು. ಆ ಸೀಮೆಯಲ್ಲಿ ಮಕ್ಕಳು ಮಾತು ಕಲಿಯುವ ಮೊದಲು ಗೇಟು ಹಾಕುವುದನ್ನು ಕಲಿಯುತ್ತಾರೆ. ಗೇಟು ತೆರೆದಿಟ್ಟವನಿಗೆ ಅಲ್ಲಿ ಮರ್ಯಾದೆಯಿಲ್ಲ. ಜೋತುಬಿದ್ದ ಚಿಲಕ ಕಂಡರೆ ಮರ್ವ್‌ನ ಕೈ ಅವನನ್ನು ಕೇಳದೆಯೇ ಅದನ್ನು ಸರಿಸಿರುತ್ತದೆ.

ಫೆಬ್ರವರಿಯ ನಡುಬೇಸಿಗೆಯ ಬಿಸಿಲಿಗೆ ತಗಡು ಮುಟ್ಟಲಾಗದಷ್ಟು ಕಾದಿತ್ತು. ಮೊಬೈಲಿನ ಬೆಳಕು ಕಾಗದಕ್ಕೆ ವಿಷ, ಹಾಗಾಗಿ ಅದು ಮನೆಯಲ್ಲೇ ಇತ್ತು. ಟ್ಯಾಂಕಿನ ನೆತ್ತಿಯಲ್ಲಿ, ಹಿಂದೆ ಕೆಸರು ತೆಗೆಯಲು ಇಳಿಯುತ್ತಿದ್ದ ಮುಚ್ಚಳವೊಂದಿತ್ತು. ಕೋಲಿನಿಂದ ಜೋರಾಗಿ ತಿವಿದರೆ ಅದರ ಮೇಲೆ ಅಂಟಿಸಿದ ಟಾರಿನ ಬಟ್ಟೆ ಹರಿದು ತೆರೆದುಕೊಳ್ಳುತ್ತದೆ, ಗಾಳಿ ಬರುತ್ತದೆ, ಕೂಗಿದರೆ ದೂರಕ್ಕೆ ಕೇಳುತ್ತದೆ. ಅದಕ್ಕೆ ಮೊದಲು ಕಾಗದವನ್ನು ಸುತ್ತಿ ಬೆಳಕು ಹೋಗದ ಕೊಳವೆಗೆ ಹಾಕಬೇಕು. ಹಾಕಿದರೆ ಚಿತ್ರ ಅರ್ಧಕ್ಕೆ ನಿಂತಂತೆ. ಕೊಟ್ಟಿಗೆಯ ಬಿಸಿಲು ಬಿದ್ದ ಮಾಡು ಉಳಿಯುತ್ತದೆ, ಕೆಳಗಿನ ನೆರಳಿನ ಬಾಗಿಲು, ಕುರಿಗಳನ್ನು ಇಳಿಬಿಡುವ ಇಳಿಜಾರು, ಯಾವುದೂ ಮೂಡುವುದಿಲ್ಲ.

ಅವಳು ಕೋಲನ್ನು ಮುಚ್ಚಳಕ್ಕೆ ತಾಗಿಸಿದಳು. ಸ್ವಲ್ಪ ಹೊತ್ತು ಹಾಗೇ ನಿಂತು, ಕೆಳಗಿಳಿಸಿದಳು.

ಹಿಂದೆ ಅವಳು ಊರಿನ ಮದುವೆಗಳಿಗೆ, ಶಾಲೆಗಳಿಗೆ ಫೋಟೊ ತೆಗೆಯುತ್ತಿದ್ದವಳು. ಒಂದು ಮದುವೆಗೆ ಸಾವಿರ ಕ್ಲಿಕ್ಕು, ಮನೆಗೆ ಬಂದು ಒಂಬೈನೂರನ್ನು ಅಳಿಸುವುದು. ಯಾವ ಮದುಮಗಳ ಮುಖವೂ ಅವಳಿಗೆ ನೆನಪಿರಲಿಲ್ಲ. ಅಷ್ಟು ಮುಖಗಳನ್ನು ನೋಡದೆಯೇ ತೆಗೆದುಬಿಟ್ಟೆನಲ್ಲ ಎನಿಸಿದ ದಿನ ಆ ಕೆಲಸ ಬಿಟ್ಟಳು. ಈ ಟ್ಯಾಂಕಿನಲ್ಲಿ ಚಿತ್ರ ಬರೆಯುವುದು ಬಿಸಿಲು. ಎದ್ದು ಹೋಗದಿರುವುದೊಂದೇ ತನ್ನ ಪಾಲಿನ ಕಸುಬು ಎಂದು ಅವಳು ಹೇಳುತ್ತಿದ್ದಳು. ಇವತ್ತು ಎದ್ದು ಹೋಗುವ ದಾರಿಯೇ ಇರಲಿಲ್ಲ. ಆ ಮಾತು ಈಗ ಅವಳಿಗೆ ಅಷ್ಟು ಚೆಂದವಾಗಿ ಕೇಳಲಿಲ್ಲ.

ನಾಲಿಗೆ ಅಂಗುಳಕ್ಕೆ ಅಂಟತೊಡಗಿದ ಹೊತ್ತಿಗೆ ಕಾಗದದ ಮೇಲೆ ಬಿಳಿ ಪಿಕಪ್ ಬಂದು ನಿಂತಿತು. ಕ್ಲೆಮ್ ಇಳಿದ. ಅವಳು ಕೂಗಲು ಬಾಯಿ ತೆರೆದಳು.

ಅವನು ಟ್ಯಾಂಕಿನ ನಲ್ಲಿಗೆ ಕಟ್ಟಿದ್ದ ಕೆಂಪು ಬಟ್ಟೆಯನ್ನು ನೋಡಿ ಅಲ್ಲೇ ನಿಂತ. ಬಟ್ಟೆ ಕಟ್ಟಿದ್ದರೆ ಬಾಗಿಲ ಹತ್ತಿರ ಸುಳಿಯಬಾರದು. ಆ ಕಾನೂನು ಮಾಡಿದವಳು ಅವಳೇ. ಹೋದ ಚಳಿಗಾಲದಲ್ಲಿ ಅವನು ಟೀ ಹಿಡಿದು ಬಂದು ಪರದೆ ಸಮೇತ ಬಾಗಿಲು ತೆರೆದು ಒಂದು ಚಿತ್ರವನ್ನು ಸುಟ್ಟಿದ್ದ. ಅವಳು ವಾರವಿಡೀ ಅವನೊಂದಿಗೆ ಮಾತು ಬಿಟ್ಟಿದ್ದಳು.

ಬಾಗಿಲಿದ್ದದ್ದು ಹಿಂಬದಿಗೆ, ಚಿಲಕ ಅವನಿಗೆ ಕಾಣುವಂತಿರಲಿಲ್ಲ. ಅವನು ಎಣ್ಣೆಯ ಖಾಲಿ ಡ್ರಮ್ಮೊಂದನ್ನು ಉರುಳಿಸಿ ತಂದು, ಟ್ಯಾಂಕಿಗೆ ಬೆನ್ನು ಹಾಕಿ, ಕೊಟ್ಟಿಗೆಗೆ ಮುಖಮಾಡಿ ಕುಳಿತ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟ.

ಮಾರಿದಂದಿನಿಂದ ಕ್ಲೆಮ್ ಕೊಟ್ಟಿಗೆಯ ಕಡೆ ತಲೆ ಎತ್ತಿರಲಿಲ್ಲ. ಹಳೇ ತಗಡು, ಹೋದರೆ ಹೋಗಲಿ ಎಂದು ಎಲ್ಲರೆದುರು ಹೇಳುತ್ತಿದ್ದ. ಈಗ ಕಾಗದದ ಮೇಲೆ ತಲೆಕೆಳಗಾಗಿ ಕುಳಿತವನು ಅಲುಗದೆ ಅದನ್ನೇ ನೋಡುತ್ತಿದ್ದ. ನಡೆದುಹೋಗುವವರು ಇಂಥ ಚಿತ್ರದಲ್ಲಿ ಉಳಿಯುವುದಿಲ್ಲ, ಮರ್ವ್ ಉಳಿದಿರಲಿಲ್ಲ. ಕುಳಿತವರು ಉಳಿಯುತ್ತಾರೆ. ಗ್ಲೆನಿಸ್ ತೆರೆದ ಬಾಯಿ ಮುಚ್ಚಿದಳು.

ಎಷ್ಟೋ ಹೊತ್ತಿನ ಮೇಲೆ ಅವನೇ, ಕತ್ತು ತಿರುಗಿಸದೆ, "ಒಳಗಿದ್ದೀಯೇನೇ?" ಎಂದ.

"ಇದ್ದೀನಿ."

"ಸುಮ್ನೆ ಕೇಳ್ದೆ. ಬಾಗ್ಲು ಮುಟ್ಟಲ್ಲ, ಹೆದರ್ಬೇಡ. ಮನೆಗೆ ಬೆಂಕಿ ಬಿದ್ರೂ ಮುಟ್ಬಾರ್ದು ಅಂತ ಮಹಾರಾಣಿಯವ್ರ ಅಪ್ಪಣೆ ಆಗಿದೆ."

"ಮರ್ವ್ ಚಿಲಕ ಹಾಕ್ಕೊಂಡು ಹೋಗಿದಾನೆ, ಕ್ಲೆಮ್."

ಡ್ರಮ್ಮು ಕಿರುಗುಟ್ಟಿತು. "ಯಾವಾಗ?"

"ಮಧ್ಯಾಹ್ನ."

"ಅಯ್ಯೋ, ಆಗ್ಲಿಂದ ಬೇಯ್ತಾ ಇದೀಯಾ? ಬಾಯಿ ಇರ್ಲಿಲ್ವಾ ನಿಂಗೆ?" ಕಾಗದದ ಮೇಲೆ ಅವನ ಆಕೃತಿ ಏಳತೊಡಗಿತು.

"ಏಳ್ಬೇಡ."

"ಏನು?"

"ಕೂತ್ಕೋ. ಹೇಗಿದ್ಯೋ ಹಾಗೇ."

ಅವನು ಅರ್ಧ ಎದ್ದವನು ಹಾಗೇ ನಿಂತ. "ನಾನು ಚಿತ್ರದೊಳಗೆ ಬಂದ್ಬಿಟ್ನಾ?"

"ಬಂದಿದ್ದೀಯ."

"ಹಾಳು ಮಾಡಿದ್ನಾ ಮತ್ತೆ?"

"ಎದ್ರೆ ಹಾಳಾಗುತ್ತೆ."

ಡ್ರಮ್ಮು ಇನ್ನೊಮ್ಮೆ ಕಿರುಗುಟ್ಟಿತು. ಟೋಪಿ ಮತ್ತೆ ಮೊಣಕಾಲಿಗೆ ಹೋಯಿತು.

"ಎಷ್ಟು ಹೊತ್ತು?"

"ಬಿಸ್ಲು ಇಳಿಜಾರಿಂದ ಇಳಿಯೋವರ್ಗೂ."

"ಅಷ್ಟರಲ್ಲಿ ನೀನು ಸತ್ರೆ, ಆ ಮರ್ವ್‌ಗೆ ನಾನೇನು ಹೇಳ್ಲಿ?"

"ಗೇಟು ಚೆನ್ನಾಗಿ ಹಾಕಿದ್ದೆ ಕಣೋ ಅನ್ನು."

ಅವನ ಬೆನ್ನು ಒಮ್ಮೆ ಕುಲುಕಿತು. ನಕ್ಕನೋ ಇಲ್ಲವೋ, ತಲೆಕೆಳಗಾದ ಬೆನ್ನಿನಿಂದ ತಿಳಿಯುವಂತಿರಲಿಲ್ಲ. ಆಮೇಲೆ ಅದು ಅಲುಗಲಿಲ್ಲ. ಅವಳು ರಟ್ಟನ್ನು ಎತ್ತಿ ಆಕಾಶಕ್ಕೆ ಅಡ್ಡ ಹಿಡಿದಳು. ಬಾಗಿಲಿನ ಚಿಲಕ ಬಿದ್ದೇ ಇತ್ತು.